ಕ್ಯಾರವಾನ್ ಟ್ರೇಲರ್ ವೀಲ್ ಬಾಕ್ಸ್ ಸೀಳಿದೆ: ಫೈಬರ್ ಮೆತ್ತಿಸೋದಾ, ತಗಡು ಕಟ್ಟಿಸೋದಾ?

ಕುಕ್ಕರಹಳ್ಳಿ_ಕ್ಯಾಂಪರ್ (ಮೈಸೂರು)

ಒಂಟಿ ಆಕ್ಸಲ್‌ನ 14 ಅಡಿ ಕ್ಯಾರವಾನ್ ಟ್ರೇಲರ್. ಎಡಗಡೆ ಚಕ್ರದ ಮೇಲಿನ ಪ್ಲಾಸ್ಟಿಕ್ ವೀಲ್ ಬಾಕ್ಸ್‌ನ ನೆತ್ತಿಯಲ್ಲಿ ಒಂದು ಗೇಣು ಸೀಳು ಬಿಟ್ಟಿದೆ, ಸುತ್ತ ಟೈರ್ ಉಜ್ಜಿದ ಕಪ್ಪು ಗುರುತು. ಮಳೆಯಲ್ಲಿ ಓಡಿಸಿದರೆ ಕೆಸರುನೀರು ಬೆಂಚಿನ ಕೆಳಗೆ ಬರುತ್ತೆ, ಆ ಮೂಲೆಯ ಪ್ಲೈವುಡ್ ನೆಲ ಮೆತ್ತಗಾಗಿದೆ. ಬನ್ನಿಮಂಟಪದಲ್ಲಿ ವಿಚಾರಿಸಿದರೆ ಒಬ್ಬರು ಫೈಬರ್ ಮೆತ್ತಿದರೆ ಸಾಕು ಅಂತಾರೆ, ಇನ್ನೊಬ್ಬರು ತಗಡು ಅಂತಾರೆ. ಮೇಲೆ ಅಂಡರ್‌ಬಾಡಿ ಕೋಟಿಂಗ್ (ಗಾಡಿ ಅಡಿಗೆ ಹೊಡೆಯೋ ಕಪ್ಪು ರಬ್ಬರ್ ಲೇಪ) ಹೊಡೆಸಬೇಕಾ? ಮಳೆಗಾಲದಲ್ಲಿ ಮಡಿಕೇರಿ ಕಡೆ ಓಡಾಟ ಜಾಸ್ತಿ.

ಆಕ್ಸಲ್‌ಪಿನ್

ಫೈಬರ್, ತಗಡು ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ ಸಾರ್. ಟೈರ್ ಅಲ್ಲಿಗೆ ಯಾಕೆ ಮುಟ್ಟಿತು ಅಂತ ತಿಳಿಯದೆ ಏನು ಹಾಕಿಸಿದರೂ ಮುಂದಿನ ಹಂಪ್‌ಗೆ ಮತ್ತೆ ಸೀಳುತ್ತೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನೀರಿನ ಟ್ಯಾಂಕ್ ತುಂಬಿಸಿ, ಪ್ರವಾಸಕ್ಕೆ ಒಯ್ಯೋ ಸಾಮಾನೆಲ್ಲ ಒಳಗಿಡಿ. ಟೈರ್ ನೆತ್ತಿಯಿಂದ ಬಾಕ್ಸ್‌ವರೆಗೆ ಎರಡೂ ಕಡೆ ಅಳೆಯಿರಿ. 75 ಮಿ.ಮೀ. ಆದರೂ ಇರಬೇಕು. ಎರಡೂ ಕಡೆ ಕಮ್ಮಿ ಬಂದರೆ ಭಾರ ಹೆಚ್ಚಾಗಿದೆ, ಇಲ್ಲವೇ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿ, ಅಂದರೆ ಬ್ಲೇಡ್‌ಗಳನ್ನು ಜೋಡಿಸಿದ ಸ್ಪ್ರಿಂಗ್) ಕೂತಿದೆ. ಎಡಗಡೆ ಮಾತ್ರ ಕಮ್ಮಿಯಾದರೆ ಆ ಕಡೆ ಬ್ಲೇಡ್ ಮುರಿದಿದೆಯಾ ನೋಡಿ, ಜೊತೆಗೆ ಟ್ಯಾಂಕ್, ಬ್ಯಾಟರಿ, ಫ್ರಿಜ್ ಎಲ್ಲ ಆ ಕಡೆಗೇ ಇದೆಯಾ ನೋಡಿ. 100 ಲೀಟರ್ ನೀರು ಅಂದರೆ 100 ಕೆ.ಜಿ., ಇದನ್ನ ಬಹಳ ಜನ ಲೆಕ್ಕಕ್ಕೇ ಹಿಡಿಯಲ್ಲ.

ಉಜ್ಜಿದ ಗುರುತು ಒಳಗೋಡೆಯಲ್ಲೋ, ಮುಂದೆ ಹಿಂದೆಯೋ ಇದ್ದರೆ ಆಕ್ಸಲ್ ಸರಿದಿರುತ್ತೆ: ಯು-ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯೋದು) ಸಡಿಲ, ಬ್ಲೇಡ್‌ಗಳ ಸೆಂಟರ್ ಬೋಲ್ಟ್ ತುಂಡು, ಅಥವಾ ಶ್ಯಾಕಲ್ (ಸ್ಪ್ರಿಂಗ್ ತುದಿಯ ಕೊಂಡಿ) ಬುಷ್ ಸವೆತ. ಕಪ್ಲರ್ (ಎಳೆಯೋ ವಾಹನಕ್ಕೆ ಸಿಗಿಸೋ ಕೊಂಡಿ) ನಡುವಿನಿಂದ ಆಕ್ಸಲ್‌ನ ಎರಡೂ ತುದಿಗೆ ಟೇಪ್ ಹಿಡಿಯಿರಿ, ಎರಡು ಅಳತೆಯೂ ಒಂದೇ ಬರಬೇಕು.

ಓಡುವಾಗ ಎಷ್ಟು ಜಾಗ ಉಳಿಯುತ್ತೆ ಅಂತ ನೋಡೋಕೆ ಬಾಕ್ಸ್ ನೆತ್ತಿಗೆ ಟೈರ್ ಕಡೆಯಿಂದ ಹಸಿ ಜೇಡಿಮಣ್ಣಿನ ಉಂಡೆ ಅಂಟಿಸಿ, ಹಂಪ್ ಮೇಲೆ ನಿಧಾನಕ್ಕೆ ಹತ್ತಿಸಿ ಇಳಿಸಿ. ಚಪ್ಪಟೆಯಾದ ಮಣ್ಣಿನ ದಪ್ಪವೇ ಉಳಿದ ಜಾಗ.

ಕೊನೆಗೆ ಟೈರ್. ಚಕ್ರ ಎತ್ತಿ ತಿರುಗಿಸಿ. ಒಂದು ಕಡೆ ಉಬ್ಬು ಕಂಡರೆ ಟ್ರೆಡ್ (ರಸ್ತೆಗೆ ತಾಗೋ ರಬ್ಬರ್ ಪದರ) ಒಳಗೇ ಬಿಡ್ತಾ ಇದೆ, ಟೈರ್ ಎಸೆಯಿರಿ. ಟೈರ್ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕಂಕಿ ಓದಿ: 2319 ಅಂದರೆ 2019ರ 23ನೇ ವಾರದ್ದು. ಕ್ಯಾರವಾನ್ ನಿಂತೇ ಇರೋದು ಹೆಚ್ಚು, ಹಾಗಾಗಿ ಟ್ರೆಡ್ ಸವೆಯೋ ಮೊದಲೇ ರಬ್ಬರ್ ಮುಪ್ಪಾಗಿರುತ್ತೆ.

ಕಬ್ಬಿನಗಾಡಿ_ವೆಲ್ಡರ್ (ಮಂಡ್ಯ)

ಮ್ಯಾಲಿನವ್ರು ಹೇಳಿದ್ದು ನೋಡ್ಕಂಡಾದ್ಮೇಲೆ ತಗಡೇ ಹಾಕ್ಸಿ ಕಣಣ್ಣ. ಪ್ಲಾಸ್ಟಿಕ್ ಮ್ಯಾಲೆ ಮೆತ್ತಿದ ಫೈಬರ್ರು ಅದುರಿ ಅದುರಿ ಅಂಚಲ್ಲಿ ಎದ್ದುಬುಡ್ತದೆ.

18 ಗೇಜ್ ಜಿ.ಐ. (ಸತು ಬಳ್ದಿರೋ ತಗಡು) ಶೀಟು, ಅಂದ್ರೆ 1.2 ಮಿ.ಮೀ. ಸಾಕು. 3 ಮಿ.ಮೀ. ಪ್ಲೇಟ್ ಬಡೀರಿ ಅನ್ನೋರವ್ರೆ, ಕೇಳ್ಬ್ಯಾಡಿ. ಒಂದು ಚದರ ಮೀಟ್ರಿಗೆ 1.2ರದ್ದು ಒಂಬತ್ತೂವರೆ ಕೆ.ಜಿ., 3ರದ್ದು ಇಪ್ಪತ್ಮೂರೂವರೆ. ಬಲ ಬರೋದು ದಪ್ಪದಿಂದಲ್ಲ, ಹಿಂದ್ಗಡೆ ಆಸರೆಯಿಂದ. ಬಾಕ್ಸ್ ಮುಂದ್ಕೂ ಹಿಂದ್ಕೂ 25×25×3 ಆಂಗಲ್ ಕೊಟ್ಟು ಚಾಸಿಗೆ ಬೋಲ್ಟ್ ಮಾಡ್ಸಿ. ಟೈರ್ ಕಿತ್ತು ಟ್ರೆಡ್ಡು ಬಡಿದ್ರೆ ಪೆಟ್ಟು ಚಾಸಿಗೆ ಹೋಗ್ಬೇಕು, ಪ್ಲೈಗಲ್ಲ.

ಜಿ.ಐ. ಮ್ಯಾಲೆ ವೆಲ್ಡಿಂಗ್ ಬ್ಯಾಡ. ಸತು ಸುಟ್ಟು ಹೊಗೆ ಕುಡಿದೋರ್ಗೆ ಜ್ವರ ಬತ್ತದೆ, ಸುಟ್ಟ ಜಾಗ ಮೊದ್ಲು ತುಕ್ಕಿಡೀತದೆ. 30 ಮಿ.ಮೀ. ಅಂಚು ಮಡಿಸಿ 4.8 ಮಿ.ಮೀ. ರಿವೆಟ್ಟು, 50 ಮಿ.ಮೀ.ಗೊಂದು. ತಳ ಮುಚ್ಚಿದ ರಿವೆಟ್ಟೇ ತಕಳ್ಳಿ, ಮಾಮೂಲಿದ್ರಲ್ಲಿ ನಡುವಿನ ತೂತಿಂದ ನೀರು ಜಿನುಗ್ತದೆ. ರಿವೆಟ್ ಬಾಲ ಟೈರ್ ಕಡೀಕೆ ಬರ್ದಂಗೆ ನೋಡ್ಕಳಿ.

ಕೆಲ್ಸ ಮಾಡುವಾಗ ಗಾಡಿ ಎಳೆಯೋ ವಾಹನಕ್ಕೆ ಸಿಗಿಸಿರ್ಬೇಕು, ಆ ಕಡೆ ಚಕ್ರಕ್ಕೆ ಕಲ್ಲು ಕೊಟ್ಟಿರ್ಬೇಕು. ಜಾಕು ಚಾಸಿಗೆ, ಪಕ್ಕದಲ್ಲಿ ಸ್ಟ್ಯಾಂಡು. ಬರೀ ಜಾಕಿನ ಮ್ಯಾಲೆ ನಂಬಿ ಕೆಳಕ್ಕೆ ತಲೆ ಹಾಕ್ಬ್ಯಾಡಿ.

ಪ್ಲೈ_ಪೇಂಟ್

ಕಪ್ಪು ಕೋಟಿಂಗ್ ಈಗಲೇ ಹೊಡೆಸಬೇಡಿ. ನೀರು ಕುಡಿದ ಪ್ಲೈ ಮೇಲೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಕೊಳೆಯೋದು ಇನ್ನೂ ಬೇಗ.

ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾ ಗಟ್ಟಿ ಮರ ಸಿಗೋ ಗಡಿ ಗುರುತಿಸಿ, ಅಲ್ಲಿಂದ ಇನ್ನೂ 50 ಮಿ.ಮೀ. ಆಚೆಗೆ ಕತ್ತರಿಸಿ. ಉಳಿದ ಅಂಚು ಪೂರ್ತಿ ಒಣಗಲಿ, ಆಷಾಢದಲ್ಲಿ ಈ ಕೆಲಸ ಹಿಡಿದರೆ ಫ್ಯಾನ್ ಹಾಕಿದರೂ ದಿನಗಟ್ಟಲೆ ಕಾಯಬೇಕು. ಹೊಸ ತುಂಡು ಐಎಸ್ 710 ಮೆರೈನ್ ಪ್ಲೈ, ಹಳೆಯದರಷ್ಟೇ ದಪ್ಪ. ಕತ್ತರಿಸಿದ ಅಂಚಿಗೆ ತೆಳು ಎಪಾಕ್ಸಿ ಎರಡು ಸಲ ಕುಡಿಸಿ, ಸೇರುವ ಕಡೆ ಕೆಳಗೆ ಆಸರೆ ಪಟ್ಟಿ ಕೊಡಿ.

ತಗಡಿಗೂ ನೆಲಕ್ಕೂ ನಡುವೆ ಪಿಯು (ಪಾಲಿಯುರೆಥೇನ್) ಸೀಲೆಂಟ್, 6ರಿಂದ 8 ಮಿ.ಮೀ. ಸಾಲು, ಎಲ್ಲೂ ಕಡಿಯದ ಹಾಗೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ: ಅದರ ಆಮ್ಲ ಸತುವನ್ನು ತಿನ್ನುತ್ತೆ, ಮೇಲೆ ಬಣ್ಣವೂ ಹಿಡಿಯಲ್ಲ. ಹೊಸ ಜಿ.ಐ. ಮೇಲೆ ರೆಡ್ ಆಕ್ಸೈಡ್ ಬಳಿದರೆ ಹಾಳೆ ಹಾಳೆಯಾಗಿ ಏಳುತ್ತೆ, ಎಚ್ (etch) ಪ್ರೈಮರ್, ಅಂದರೆ ಸತುವನ್ನು ಕಚ್ಚಿ ಹಿಡಿಯೋ ಪ್ರೈಮರ್ ಹಾಕಿ. ಸೀಲೆಂಟ್ ಗಟ್ಟಿಯಾದ ಮೇಲೆ ಪೈಪ್‌ನಿಂದ ಕೆಳಗಿನಿಂದ ನೀರು ಹಾಯಿಸಿ ಒಳಗೆ ನೋಡಿ. ಸೋರದಿದ್ದರೆ ಆಮೇಲೆ ರಬ್ಬರ್ ಕೋಟಿಂಗ್ ತೆಳ್ಳಗೆ ಎರಡು ಸಲ. ಬ್ರೇಕ್ ಡ್ರಮ್, ಬುಷ್, ನೀರು ಇಳಿಯೋ ತೂತುಗಳಿಗೆ ಮೊದಲೇ ಟೇಪ್ ಹಚ್ಚಿರಿ.

ಕುಕ್ಕರಹಳ್ಳಿ_ಕ್ಯಾಂಪರ್

ಅಳೆದೆ. ಎಡ 40, ಬಲ 80 ಮಿ.ಮೀ. ಟ್ಯಾಂಕ್ ನಡುವಿನಲ್ಲೇ ಇದೆ. ಟೈಲ್ ಲ್ಯಾಂಪ್ ವೈರ್ ಬಾಕ್ಸ್ ಒಳಗಿಂದಲೇ ಹಾದಿದೆ, ಹಾಗೇ ಬಿಡಬಹುದಾ?

ಆಕ್ಸಲ್‌ಪಿನ್

ಹಾಗಾದರೆ ಎಡಗಡೆ ಸ್ಪ್ರಿಂಗೇ. ಒಂದನ್ನೇ ಬದಲಿಸಿದರೆ ಗಾಡಿ ವಾಲುತ್ತೆ, ಎರಡೂ ಕಡೆ ಸೆಟ್ ಹಾಕಿಸಿ, ಯು-ಬೋಲ್ಟ್ ಹೊಸದೇ ಇರಲಿ.

ವೈರ್ ಬಿಡಬೇಡಿ. ಟ್ರೆಡ್ ಕಿತ್ತರೆ ಮೊದಲು ಹೋಗೋದು ಅದೇ. ಕಾಂಡ್ಯೂಟ್‌ನಲ್ಲಿ (ವೈರ್ ಕಾಪಾಡೋ ಕೊಳವೆ) ಹಾಕಿ ಚಾಸಿಯ ಒಳಮಗ್ಗುಲಲ್ಲಿ ಒಯ್ದು 300 ಮಿ.ಮೀ.ಗೊಂದು ರಬ್ಬರ್ ಕ್ಲಾಂಪ್ ಕೊಡಿ. ಗ್ಯಾಸ್ ಪೈಪ್ ಅಲ್ಲೇ ಹತ್ತಿರ ಇದ್ದರೆ ಅದನ್ನೂ ಸರಿಸಿ.

ಗಾಳಿ ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಬೇಸಿಗೆಯಲ್ಲಿ ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿ ಬಿಸಿಯಾದಾಗ ಒತ್ತಡ ಏರೋದು ಸಹಜ, ಆಗ ಗಾಳಿ ಇಳಿಸಿದರೆ ಟೈರ್ ಮತ್ತಷ್ಟು ಬಾಗಿ ಇನ್ನೂ ಬಿಸಿಯಾಗುತ್ತೆ. ಚಕ್ರ ಬಿಚ್ಚಿ ಹಾಕಿದ ಮೇಲೆ 80–100 ಕಿ.ಮೀ.ಗೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯೋ ಪಾನಾ) ಮತ್ತೊಮ್ಮೆ ನೋಡಿ.

ಕಬ್ಬಿನಗಾಡಿ_ವೆಲ್ಡರ್ (ಮಂಡ್ಯ)

ಮಡ್ ಫ್ಲ್ಯಾಪ್‌ಗೆ ಹೊಸದು ಕೊಳ್ಳೋದೇ ಬ್ಯಾಡ, ಹಳೇ ಕನ್ವೇಯರ್ ಬೆಲ್ಟ್ ತುಂಡು ನಡೀತದೆ. ಬೋಲ್ಟ್ ಹಿಂದೆ ಪಟ್ಟಿ ಕೊಡಿ, ಬರೀ ವಾಷರ್ ಹಾಕಿದ್ರೆ ಬೆಲ್ಟು ಹರ್ಕಂಡು ಹೋಯ್ತದೆ.