ಹೆತ್ತ ಮಗನನೆ ಕಂಡು ತಾಯಿಯು…

ಮಡಿಕೇರಿಯಿಂದ:
ಕಕ್ಕಡ ತಿಂಗಳ ಮಳೆ, ಕರೆಂಟು ಬೇರೆ ಇಲ್ಲ. ಸುಮ್ನೆ ಕೂರುವ ಬದಲು ಒಂದು ಸಮಸ್ಯೆ ಬಿಡಿಸಿ: ಕೊನೆಯ ಸಾಲು ನನ್ನದು, ಮೇಲಿನ ಐದು ನಿಮ್ಮದು. ಆರು ಸಾಲಿನ ಭಾಮಿನಿ ಷಟ್ಪದಿ, ಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರ) ‘ತ್ತ’. ಕೊನೆಯ ಸಾಲು:

ಹೆತ್ತ ಮಗನನೆ ಕಂಡು ತಾಯಿಯು ಹೆಸರ ಕೇಳಿದಳು

ಒಂದು ಷರತ್ತು. ಈ ತಾಯಿ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದ ಭಗವತಿಯೇ ಆಗಬೇಕು. ಲಿಂಗರಾಜ ಕೂಡಿ ಕೈಬಿಟ್ಟ ಹೆಣ್ಣು. ಅವಳ ಮಗನೇ ಕುಂಟ ಬಸವ. ಕೊಡಗಿನ ಕೊನೆಯ ದೊರೆ ಚಿಕವೀರ, ಬಸವ ಇಬ್ಬರೂ ಒಂದೇ ಅಪ್ಪನ ಮಕ್ಕಳು. 1956ರ ಆ ಕಾದಂಬರಿಯಲ್ಲಿ ಚಿಕವೀರನ ಹೆಂಡತಿ ಗೌರಮ್ಮ ರಾಣಿಗೆ ಜಾಗವೂ ಇದೆ, ಗೌರವವೂ ಇದೆ. ಭಗವತಿ ಮಾತ್ರ ನನಗೆ ಕಥೆಯ ಗುಟ್ಟು ಹೊರಲು ಬಂದವಳ ಹಾಗೆ ಕಾಣುತ್ತಾಳೆ. ಈ ಸಲ ಅವಳ ಕಣ್ಣಿಂದ ನೋಡೋಣ.

ಗೋಣಿಕೊಪ್ಪದಿಂದ:
ಷರತ್ತು ಓದುವ ಮೊದಲೇ ಎರಡು ಸಾಲು ಬಂದುಬಿಟ್ಟವು.

ಮೆತ್ತಗಿದ್ದವ ಬೆಂಗಳೂರಿಗೆ
ಹತ್ತಿ ಬಸ್ಸನು ಗಡ್ಡ ಬಿಟ್ಟನು

ಇಲ್ಲಿಗೇ ನಿಲ್ಲಿಸಿದೆ.

ಸೋಮವಾರಪೇಟೆಯಿಂದ:

ಸುತ್ತ ಕೋಟೆಯ ಕಲ್ಲ ಗೋಡೆಗ
ಳೆತ್ತಲೋ ಬೆಳೆದವನು ಬಸವನು
ಮುತ್ತು ಕೊಡದಾ ತುಟಿಗೆ ಮಾತೇ ಬರದೆ ನಡುಗಿರಲು
ಹೊತ್ತು ಮುಳುಗಲು ಬಾಗಿಲಲ್ಲಿಯೆ
ಸತ್ತ ದೊರೆಯದೆ ಮೂಗು ಕಣ್ಗಳ
ಹೆತ್ತ ಮಗನನೆ ಕಂಡು ತಾಯಿಯು ಹೆಸರ ಕೇಳಿದಳು

ವಿರಾಜಪೇಟೆಯಿಂದ:
ಓಟ ಚೆನ್ನಾಗಿದೆ. ಆದರೆ ಮೂಗು ಕಣ್ಣು ದೊರೆಯದು ಅಂದ ತಕ್ಷಣ ಪದ್ಯ ಮತ್ತೆ ಅರಮನೆಗೇ ಹೋಯಿತು, ಅಲ್ವಾ? ಆ ಮುಖದಲ್ಲಿ ಹೆತ್ತವಳದು ಏನೂ ಇಲ್ವಾ? ನನ್ನದು ಇದು:

ಇತ್ತ ಹೆಸರದು ಬೇರೆಯಿದ್ದಿತು
ಕಿತ್ತುಕೊಂಡರು ಕೂಸಿನೊಡನದ
ನೆತ್ತಿ ಎಸೆದರು ಯಾವ ಕಾಡಿಗೊ ಯಾರು ಬಲ್ಲವರು
ಮತ್ತೆ ಕರೆದರೆ ತಿರುಗಬಹುದೇ
ಗೊತ್ತೆ ನಿನಗದು ಎನ್ನಲಾರದೆ
ಹೆತ್ತ ಮಗನನೆ ಕಂಡು ತಾಯಿಯು ಹೆಸರ ಕೇಳಿದಳು

ಮಡಿಕೇರಿಯಿಂದ:
ಎರಡನೆಯದೇ ಗೆದ್ದಿತು. ಮೊದಲನೆಯದರಲ್ಲಿ ‘ಕೊಡದಾ’ ಅಂತ ಎಳೆದದ್ದು ಛಂದಸ್ಸಿನ ಮಾತ್ರೆ ತುಂಬಿಸಲು ಅಂತ ಗೊತ್ತಾಗುತ್ತದೆ. ಅದು ಸಣ್ಣ ವಿಷಯ ಬಿಡಿ. ಅಲ್ಲಿ ಭಗವತಿ ನಡುಗುವುದನ್ನು ನಾವು ದೂರದಿಂದ ನೋಡುತ್ತೇವೆ. ಇಲ್ಲಿ ಅವಳ ಕೈಯಲ್ಲಿ ಏನೋ ಇದೆ. ತಾನೇ ಇಟ್ಟ ಹೆಸರು, ಅದರ ಮೇಲೆ ಅವಳಿಗೆ ಹಕ್ಕೂ ಇದೆ. ಕಾದಂಬರಿ ಬಿಟ್ಟು ಹೊರಗೆ ಕಾಲಿಟ್ಟಿರಿ ಅಂತ ಯಾರಾದರೂ ಜಗಳಕ್ಕೆ ಬಂದಾರು. ಬರಲಿ. ನಮ್ಮೂರಲ್ಲಿ ಹೊಸಬರು ಕಂಡರೆ ಮೊದಲು ಕೇಳುವುದು ಯಾವ ಒಕ್ಕ ಅಂತ. ಬಸವನಿಗೆ ಹೇಳಿಕೊಳ್ಳಲು ಒಂದು ಮನೆತನವೂ ಇಲ್ಲ. ಅಪ್ಪ ಯಾರೆಂದು ಕೇಳುವವಳಿಗೆ ಗೊತ್ತು, ಅವನಿಗಿಲ್ಲ. ಹಾಗಾಗಿ ಆ ಪ್ರಶ್ನೆ ಇಲ್ಲಿ ಇನ್ನೂ ಜಾಸ್ತಿ ಚುಚ್ಚುತ್ತದೆ.

ಮುಂದಿನ ಸಮಸ್ಯೆ ಚಿಕವೀರನ ಮಗಳು ಗೌರಮ್ಮನದು. ಹೆಸರು ರಾಣಿಯದೇ, ಆದರೆ ಇವಳು ಬೇರೆ, ಇತಿಹಾಸದವಳು. 1852ರಲ್ಲಿ ಅಪ್ಪ ಲಂಡನ್ನಿಗೆ ಕರೆದುಕೊಂಡು ಹೋದ, ಅಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲೇ ಕ್ರೈಸ್ತಳಾದಳು.

ಕಡಲ ದಾಟಿದ ಕೊಡಗ ಕುವರಿಗೆ ಮಳೆಯೆ ಮನೆಯಾಯ್ತು

ಪ್ರಾಸ ‘ಡ’, ಮೊದಲ ಅಕ್ಷರ ಲಘು, ಅಂದರೆ ಒಂದೇ ಮಾತ್ರೆಯದು. ಕೈಲ್‌ಪೊಳ್ದ್ ಹಬ್ಬದ ಒಳಗೆ ಕಳಿಸಿ. ಕಾವೇರಿಯನ್ನು ಮಾತ್ರ ತರಬೇಡಿ, ಎಲ್ಲರೂ ಅವಳನ್ನೇ ತರುತ್ತೀರಿ.