ಬೀಗರೂಟದ ಹಂದಿ, ಮೆಲ್ಬರ್ನಿನ ರೋಸ್ಟು

ನಮ್ಮ 'ಹೊಸಮನೆ ಬಳಗ' ಗುಂಪಲ್ಲಿ ಅರ್ಧ ಜನ ಮೂಡಿಗೆರೆ ಸುತ್ತಮುತ್ತ, ಅರ್ಧ ಬೆಂಗಳೂರು, ರಶ್ಮಿ ಒಬ್ಬಳು ಮೆಲ್ಬರ್ನ್. ಶನಿವಾರ ಸಂಜೆ ಅವಳು ಓವನ್ನಿಂದ ಆಗ ತಾನೆ ತೆಗೆದ ಹಂದಿ ರೋಸ್ಟಿನ ಫೋಟೋ ಹಾಕಿದ್ಲು, ಚರ್ಮ ಗುಳ್ಳೆಗುಳ್ಳೆ ಎದ್ದು ಕೆಂಪಗೆ, ಪಕ್ಕದಲ್ಲಿ ಫೋರ್ಕಿಂದ ಎಳೆದ ಮಾಂಸದ ಎಳೆಗಳು. ಎಲ್ರೂ ಹಾರ್ಟ್ ಒತ್ತಿದ್ರು. ಭಾನುವಾರ ಬೆಳಗ್ಗೆ ಆರೂಕಾಲಿಗೆ ನಾಗರಾಜ ಚಿಕ್ಕಪ್ಪಂದು ಇದು ಬಂತು. ಮುಂದೆ ನಡೆದದ್ದನ್ನ ಹೆಚ್ಚುಕಮ್ಮಿ ಇದ್ದ ಹಾಗೇ ಹಾಕ್ತಿದೀನಿ, ಹೆಸರು ಬದಲಾಯಿಸಿದೀನಿ, ಗುಡ್ ಮಾರ್ನಿಂಗ್ ಗುಲಾಬಿಗಳನ್ನ ತೆಗೆದಿದೀನಿ.

ನಾಗರಾಜ ಚಿಕ್ಕಪ್ಪ: (ಅನೇಕ ಬಾರಿ ಫಾರ್ವರ್ಡ್ ಆಗಿದೆ) ದಯವಿಟ್ಟು ಎಲ್ಲರಿಗೂ ಕಳಿಸಿ 🙏🙏 ಹಂದಿ ಮಾಂಸದ ಮೇಲೆ ಕೋಲಾ ಸುರಿದು ಎರಡೇ ನಿಮಿಷ ಬಿಡಿ, ಹುಳಗಳು ತಾವಾಗಿಯೇ ಹೊರಗೆ ಬರುತ್ತವೆ!! ಈ ಹುಳ ಎಷ್ಟು ಬೇಯಿಸಿದರೂ ಸಾಯುವುದಿಲ್ಲ. ಗ್ಯಾಸ್ಟ್ರಿಕ್, ಅಲ್ಸರ್, ಪಿತ್ತಕೋಶದ ಕಲ್ಲು, ಐಬಿಎಸ್ (ಪದೇ ಪದೇ ಕರುಳು ಕೆರಳುವ ತೊಂದರೆ) ಇರುವವರು ಒಂದು ತುಂಡು ತಿಂದರೂ ನೇರ ಮಿದುಳಿಗೆ ಏರುತ್ತದೆ. ಯಾವ ಡಾಕ್ಟರೂ ನಿಮಗೆ ಇದನ್ನು ಹೇಳುವುದಿಲ್ಲ!!

ಪ್ರದೀಪ: ಸೋರ್ಸ್ ಏನು ಚಿಕ್ಕಪ್ಪ

ನಾಗರಾಜ ಚಿಕ್ಕಪ್ಪ: ನಮ್ಮ ವಾಕಿಂಗ್ ಗ್ರೂಪಲ್ಲಿ ಬಂತು. ರಿಟೈರ್ಡ್ ಹೆಡ್ಮಾಸ್ಟ್ರು ಕಳ್ಸಿದ್ದು, ಅವರೇನು ಸುಳ್ಳು ಹೇಳ್ತಾರಾ

ಪ್ರದೀಪ: ಅವರು ಎಂಥದೂ ಹೇಳಿಲ್ಲ, ಫಾರ್ವರ್ಡ್ ಒತ್ತಿದಾರೆ ಅಷ್ಟೆ. ಈ ಕೋಲಾ ಕತೆ ನಾನು ಕಾಲೇಜಲ್ಲಿದ್ದಾಗ ಈಮೇಲಲ್ಲಿ ಬರ್ತಿತ್ತು

ಗಿರೀಶ (ಅಡ್ಮಿನ್): ಕೋಲಾ ಸುರಿದ್ರೆ ಹುಳ ಬರುತ್ತೋ ಇಲ್ವೋ ಗೊತ್ತಿಲ್ಲ, ಮಂಜು ಬಾವ ಅಂತೂ ಗ್ಲಾಸ್ ಹಿಡ್ಕೊಂಡು ಬರ್ತಾರೆ 😂

ಮಂಜು ಬಾವ: ಬೆಳಗ್ಗೆ ಬೆಳಗ್ಗೆ ನನ್ನ ಹೆಸರು ಯಾಕಪ್ಪ.. ಎಲ್ಲಿ ಸುರೀತಿದೀರ ಅಂತ ಹೇಳಿ ಮೊದ್ಲು

ಸರೋಜತ್ತೆ: ನಾಗರಾಜ ಇದು ನನಗೇ ಹಾಕಿರೋದು ಅಂತ ನಂಗೆ ಗೊತ್ತು. ಪಿತ್ತಕೋಶ ಅಂತ ಬರೆದಿರೋದು ಇನ್ಯಾರಿಗೆ. ನಂದು ಆಪರೇಷನ್ ಮಾಡಿ ತೆಗೆದೇ ಹಾಕಿದಾರೆ, ಕೋಶವೇ ಇಲ್ದೆ ಇದ್ಮೇಲೆ ಕಲ್ಲು ಎಲ್ಲಿಂದ ಬರ್ಬೇಕು

ರಶ್ಮಿ (ಮೆಲ್ಬರ್ನ್): ಇಲ್ಲ ಅತ್ತೆ, ಅದು ನನಗೆ. ನಿನ್ನೆ ಫೋಟೋ ಹಾಕಿದ್ದಕ್ಕೆ. ಮನೇಲಿ ಐಬಿಎಸ್ ಅಂತ ಇರೋದು ನನಗೊಬ್ಬಳಿಗೇ

ನಾಗರಾಜ ಚಿಕ್ಕಪ್ಪ: ಯಾರಿಗೂ ಹಾಕಿಲ್ಲ ಮಾರಾಯ್ತಿ, ಜನರಲ್ ಆಗಿ ಹಾಕಿದ್ದು

ಸರೋಜತ್ತೆ: ಜನರಲ್ ಆಗಿ ಹಾಕೋನು ಪಿತ್ತಕೋಶ ಅಂತ ಯಾಕೆ ಹಾಕ್ತಿದ್ದೆ

ಅರ್ಧ ಗಂಟೆ ಇದೇ. ಫಾರ್ವರ್ಡು ಯಾರಿಗೆ ಗುರಿ ಇಟ್ಟಿದ್ದು ಅಂತ ಅತ್ತೆಗೂ ರಶ್ಮಿಗೂ ಪೈಪೋಟಿ. ಪಟ್ಟಿಯಲ್ಲಿ ಇನ್ನೂ ಎರಡು ಕಾಯಿಲೆ ಇತ್ತು, ಗ್ಯಾಸ್ಟ್ರಿಕ್ಕು ಅಲ್ಸರು, ಅವೆರಡೂ ದೊಡ್ಡಪ್ಪಂದು, ಆದ್ರೆ ಅದನ್ನ ಯಾರೂ ಎತ್ತಲಿಲ್ಲ. ಅಷ್ಟೊತ್ತಿಗೆ ದೊಡ್ಡಪ್ಪಂದೇ ವಾಯ್ಸ್ ನೋಟ್ ಬಂತು, ಪೂರ್ತಿ ಕೇಳಿದವಳು ನಾನೊಬ್ಬಳೇ ಇರ್ಬೇಕು. ಮೊದಲ ಒಂದು ನಿಮಿಷ ಕೆಮ್ಮು ಮತ್ತೆ ನಾಯಿ. ಆಮೇಲೆ ಸಾರಾಂಶ ಏನಂದ್ರೆ, ಹಿಂದೆ ಹಂದಿ ಅಂದ್ರೆ ಹಬ್ಬಕ್ಕೆ, ಬೀಗರಿಗೆ, ಬೇಟೆ ಸಿಕ್ಕಿದ್ರೆ, ತಿಂದು ಮಾರನೇ ದಿನ ತೋಟಕ್ಕೆ ಇಳಿದು ಬೆವರು ಸುರಿಸ್ತಿದ್ವಿ, ಈಗಿನೋರು ವಾರ ವಾರ ಕುರ್ಚಿ ಮೇಲೆ ಕೂತು ತಿಂದು ಹೊಟ್ಟೆ ಸರಿ ಇಲ್ಲ ಅಂತ ಇಂಗ್ಲಿಷ್ ಹೆಸರು ಇಡ್ತಾರೆ. ನನ್ನ ಅಲ್ಸರ್ ಖಾರದಿಂದ ಬಂದಿದ್ದು, ನಾಲಗೆ ಕಟ್ಟಿದೆ, ವಾಸಿ ಆಯ್ತು. ಮಕ್ಕಳಿಗೆ ನಾಲಗೆ ಕಟ್ಟೋದು ಕಲಿಸಿ.

ಪ್ರದೀಪ: ದೊಡ್ಡಪ್ಪ, ಅಲ್ಸರ್ ಬಹಳ ಜನಕ್ಕೆ ಖಾರದಿಂದ ಬರೋದಲ್ಲ, ಎಚ್ ಪೈಲೋರಿ ಅಂತ ಬ್ಯಾಕ್ಟೀರಿಯಾದಿಂದ, ಇಲ್ಲಾಂದ್ರೆ ನೋವಿನ ಮಾತ್ರೆ ಜಾಸ್ತಿ ನುಂಗಿದ್ರಿಂದ. ಬ್ಯಾರಿ ಮಾರ್ಷಲ್ ಅಂತ ಆಸ್ಟ್ರೇಲಿಯಾದ ಡಾಕ್ಟ್ರು, ಯಾರೂ ನಂಬ್ಲಿಲ್ಲ ಅಂತ 1984ರಲ್ಲಿ ಆ ಬ್ಯಾಕ್ಟೀರಿಯಾನ ತಾನೇ ಕುಡಿದು ಹೊಟ್ಟೆ ಕೆಡಿಸ್ಕೊಂಡು ತೋರ್ಸಿದ್ರು. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ನೀವು ವಾಸಿ ಆಗಿದ್ದು ಡಾಕ್ಟ್ರು ಎರಡು ವಾರ ಕೊಟ್ಟ ಆಂಟಿಬಯಾಟಿಕ್ಕಿಂದ

ಗಿರೀಶ (ಅಡ್ಮಿನ್): ಕುಡಿದಿದ್ದಕ್ಕೆ ನೊಬೆಲ್ ಕೊಡೋದಾದ್ರೆ ಮಂಜು ಬಾವಂಗೆ ಎರಡು ಕೊಡ್ಬೇಕು

ಮಂಜು ಬಾವ: 🙄

ದೊಡ್ಡಪ್ಪ: ಪ್ರದೀಪ ದೊಡ್ಡವರ ಜೊತೆ ಮಾತಾಡೋ ರೀತಿ ಕಲಿ. ನಿಮ್ಮಪ್ಪ ಇದ್ದಿದ್ರೆ ಹೀಗೆ ಬರೀತಿರಲಿಲ್ಲ

ಪ್ರದೀಪ: ದೊಡ್ಡಪ್ಪ ನಾನು ತಪ್ಪಾಗಿ ಏನೂ ಹೇಳಿಲ್ಲ 🙏

ಅನಿತಾ: ಪ್ರದೀಪಣ್ಣ ಹೇಳಿದ್ದು ಸರಿ ಇದೆ ದೊಡ್ಡಪ್ಪ. ಮತ್ತೆ ಸರೋಜತ್ತೆ, ಪಿತ್ತಕೋಶ ತೆಗೆದ ಮೇಲೂ ಲಿವರು ಪಿತ್ತ ಮಾಡ್ತಾನೇ ಇರುತ್ತೆ, ಕೂಡಿಟ್ಕೊಳ್ಳೋ ಚೀಲ ಇಲ್ಲ ಅಷ್ಟೆ, ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳೀತಾ ಇರುತ್ತೆ. ಅದಕ್ಕೆ ಒಂದೇ ಸಲ ನೆಣ ಚರ್ಮ ಎಲ್ಲ ತಿಂದ್ರೆ ಕೆಲವರಿಗೆ ತಡ್ಕೊಳ್ಳಲ್ಲ, ಟಾಯ್ಲೆಟ್ಟಿಗೆ ಓಡ್ಬೇಕಾಗುತ್ತೆ. ನೆಣ ಬಿಟ್ಟು ಬರೀ ಮಾಂಸ ನಾಕು ತುಂಡು ತಿಂದು ನೋಡಿ, ಆದ್ರೂ ಆಗ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ತೋರ್ಸಿ, ಸುಮ್ನೆ ಸಹಿಸ್ಕೋಬೇಡಿ

ದೊಡ್ಡಪ್ಪ: ಅನಿತಾ, ಹಾಸನದಲ್ಲಿ ಒಂದು ಒಳ್ಳೆ ಸಂಬಂಧ ಇದೆ. ಹುಡುಗ ಪಿಡಬ್ಲ್ಯುಡಿ

ಅನಿತಾ ಆಮೇಲೆ ಇಡೀ ದಿನ ಗುಂಪಿಗೆ ಬರ್ಲಿಲ್ಲ. ಸ್ಟಾಫ್ ನರ್ಸ್ ಅಂತ ಇರೋದು ಮನೇಲಿ ಅವಳೊಬ್ಬಳೇ.

ಲೋಹಿತ್: ಅಯ್ಯೋ ಎಂಥ ರೋಸ್ಟು ಎಂಥ ಐಬಿಎಸ್ಸು.. ಅಜ್ಜಿ ಮಾಡ್ತಿದ್ದ ಹಂದಿ ಸಾರು ಮರೆತೋಯ್ತಾ ಎಲ್ರಿಗೂ? ಹೊರಗೆ ಧೋ ಅಂತ ಮಳೆ, ಹಿತ್ತಿಲಲ್ಲಿ ಹುಲ್ಲು ಹಾಕಿ ಚರ್ಮ ಸುಟ್ಟಿದ್ದ ವಾಸನೆ ಇನ್ನೂ ಮೂಗಲ್ಲಿದೆ, ಒಂದ್ ಹನಿ ಎಣ್ಣೆ ಹಾಕ್ತಿರಲಿಲ್ಲ, ಅದರ ನೆಣದಲ್ಲೇ ಬೇಯೋದು, ಕೊತ್ತಂಬರಿ ಜೀರಿಗೆ ಮೆಣಸು ಕಪ್ಪಗಾಗೋ ತನಕ ಹುರಿದು ಕಲ್ಲಲ್ಲಿ ಅರೆದು, ಸೋಮವಾರಪೇಟೆ ಅತ್ತೆ ಕೊಟ್ಟಿದ್ದ ಕಾಚಂಪುಳಿ, ಅದೇ ಕೊಡಗಿನ ಕಪ್ಪು ಹುಳಿ, ಅದರ ಬಾಟ್ಲಿ ಅಟ್ಟದ ಮೇಲಿಂದ ಇಳಿಸಿ ಕೊನೇಲಿ ಎರಡೇ ಚಮಚ. ಕಡುಬು ಮುರಿದು ಅದ್ದಿ ತಿಂತಿದ್ರೆ ಬೆರಳು ಸಾಯಂಕಾಲದ ತನಕ ಮೂಸ್ತಿದ್ವಿ. ಯಾರಿಗ್ರೀ ಇತ್ತು ಆಗ ಗ್ಯಾಸ್ಟ್ರಿಕ್

ಶಾರದ ಚಿಕ್ಕಮ್ಮ: ಅಜ್ಜಿಗೇ ಇತ್ತು. ಸೋಡಾಪುಡಿ ನೀರಿಗೆ ಹಾಕ್ಕೊಂಡು ಕುಡೀತಿದ್ರು, ತಂದುಕೊಡ್ತಿದ್ದವಳು ನಾನು

ಲೋಹಿತ್: ಸರಿ ಬಿಡಿ ಚಿಕ್ಕಮ್ಮ, ಮೂಡೇ ಹೋಯ್ತು

ಸವಿತಕ್ಕ: ಅಜ್ಜಿ ಹಂದಿ ಸಾರು ನಂಗೂ ನೆನಪಿದೆ. ನನ್ನ ಬೀಗರೂಟಕ್ಕೆ ಹಂದಿ ಮಾಡದೇ ಇದ್ದದ್ದೂ ನೆನಪಿದೆ

ಇಲ್ಲಿಂದ ಹುಳ, ಕೋಲಾ, ಐಬಿಎಸ್ ಎಲ್ಲ ಹಿಂದೆ ಬಿತ್ತು. ಗೊತ್ತಿಲ್ಲದವರಿಗೆ ಹೇಳ್ಬೇಕು ಅಂದ್ರೆ, ಸವಿತಕ್ಕಂಗೂ ಮಂಜು ಬಾವಂಗೂ ಮದುವೆ ಆಗಿದ್ದು 2009ರಲ್ಲಿ. ಎಚ್1ಎನ್1 ಬಂದು, ಪುಣೆಯಲ್ಲಿ ಸಾವಾಗಿ, ಟೀವಿ ತುಂಬ 'ಹಂದಿ ಜ್ವರ ಹಂದಿ ಜ್ವರ' ಅಂತ ಬಾಯಿ ಬಡ್ಕೊಳ್ತಿದ್ದ ವರ್ಷ. ಅಡುಗೆ ಉಸ್ತುವಾರಿ ನಾಗರಾಜ ಚಿಕ್ಕಪ್ಪಂದು. ಹಿಂದಿನ ರಾತ್ರಿ ಅವರು ಹಂದಿ ಕ್ಯಾನ್ಸಲ್ ಮಾಡಿ ಕುರಿ ತರಿಸಿದ್ರು.

ಸವಿತಕ್ಕ: ಇವರ ಸೋದರಮಾವ ಸಕಲೇಶಪುರದಿಂದ ಹಂದಿ ಇದೆ ಅಂತಲೇ ಜೀಪ್ ಮಾಡ್ಕೊಂಡು ಬಂದಿದ್ರು. ಇವತ್ತಿಗೂ ಯಾವ ಮದುವೆಗೆ ಹೋದ್ರೂ ಹೊಸಮನೆಯೋರು ಬೀಗರಿಗೆ ಹಂದಿ ಹಾಕಿಲ್ಲ ಅಂತ ನನ್ನೆದುರೇ ಆಡ್ಕೊಳ್ತಾರೆ

ನಾಗರಾಜ ಚಿಕ್ಕಪ್ಪ: ನಿಮ್ಮ ಒಳ್ಳೇದಕ್ಕೆ ಮಾಡಿದ್ದು. ಯಾರಿಗಾದ್ರೂ ಜ್ವರ ಬಂದಿದ್ರೆ ನನ್ನ ತಲೆ ಮೇಲೆ ಬರ್ತಿತ್ತು

ಪ್ರದೀಪ: ಹಂದಿ ಮಾಂಸ ಬೇಯಿಸಿ ತಿಂದ್ರೆ ಅದು ಬರಲ್ಲ ಅಂತ ಡಬ್ಲ್ಯುಎಚ್‌ಒ ಆಗ್ಲೇ ಹೇಳಿತ್ತು ಚಿಕ್ಕಪ್ಪ. ಮನುಷ್ಯರಿಂದ ಮನುಷ್ಯರಿಗೆ ಕೆಮ್ಮು ಸೀನಿಂದ ಹರಡ್ತಿತ್ತು. ಆ ಲೆಕ್ಕದಲ್ಲಿ ನೀವು ಹಂದಿ ಅಲ್ಲ, ಬೀಗರನ್ನ ಕ್ಯಾನ್ಸಲ್ ಮಾಡ್ಬೇಕಿತ್ತು

ಮಂಜು ಬಾವ: 😂😂 ಇದು ಚೆನ್ನಾಗಿದೆ

ಸವಿತಕ್ಕ: ನಗ್ತೀರಾ ನೀವು? ನಿಮ್ಮ ಮಾವನ ಮುಂದೆ ನಗಿ ನೋಡೋಣ

ದೊಡ್ಡಪ್ಪ: ಹಳೇದನ್ನ ಕೆದಕಬೇಡಿ. ಮನೆ ಮಾತು ಮನೇಲಿರ್ಲಿ. ಗುಂಪಲ್ಲಿ ಅಳಿಯಂದಿರು ಇದ್ದಾರೆ

(ಇದ್ದಾರೆ ಅಲ್ಲ, ಅಳಿಯನೇ ಮಾತಾಡ್ತಿದ್ದದ್ದು.)

ಈ ಗಲಾಟೆ ಮಧ್ಯೆ ರಶ್ಮಿ ಒಂದು ಉದ್ದದ ಮೆಸೇಜ್ ಹಾಕಿದ್ಲು. ಇಡೀ ದಿನದಲ್ಲಿ ಕೆಲಸಕ್ಕೆ ಬರೋ ಮಾತು ಅಂತ ಇದ್ದದ್ದು ಇದು ಮತ್ತೆ ಅನಿತಾಂದು, ಎರಡಕ್ಕೂ ಸೇರಿ ಒಂದು ಹೆಬ್ಬೆಟ್ಟು ಬಿತ್ತು, ಅದೂ ನಂದು.

ರಶ್ಮಿ (ಮೆಲ್ಬರ್ನ್): ಚಿಕ್ಕಪ್ಪ ನನ್ನ ಹೊಟ್ಟೆ ಕೆಡಿಸೋದು ಹಂದಿ ಅಲ್ಲ, ಈರುಳ್ಳಿ ಬೆಳ್ಳುಳ್ಳಿ. ಇಲ್ಲಿ ನಮ್ಮೂರಿನ ಮೊನಾಶ್ ಯೂನಿವರ್ಸಿಟಿಯವರೇ ಐಬಿಎಸ್ ಇರೋರಿಗೆ ಲೋ ಫಾಡ್‌ಮ್ಯಾಪ್ ಅಂತ ಊಟದ ಕ್ರಮ ಮಾಡಿದ್ದು, ಫಾಡ್‌ಮ್ಯಾಪ್ ಅಂದ್ರೆ ಸಣ್ಣ ಕರುಳಲ್ಲಿ ಸರಿಯಾಗಿ ಹೀರ್ಕೊಳ್ಳದ ಒಂದಷ್ಟು ಥರದ ಕಾರ್ಬೋಹೈಡ್ರೇಟು, ಅವು ದೊಡ್ಡ ಕರುಳಿಗೆ ಹೋದ್ಮೇಲೆ ಅಲ್ಲಿರೋ ಬ್ಯಾಕ್ಟೀರಿಯಾ ತಿಂದು ಗ್ಯಾಸ್ ಮಾಡ್ತವೆ, ಬರೀ ಮಾಂಸದಲ್ಲಿ ಅದು ಇರೋದೇ ಇಲ್ಲ. ಈರುಳ್ಳಿ ಬೆಳ್ಳುಳ್ಳಿಲಿ ಇರೋದು ನೀರಲ್ಲಿ ಕರಗುತ್ತೆ, ಎಣ್ಣೇಲಿ ಕರಗಲ್ಲ, ಅದಕ್ಕೆ ಬೆಳ್ಳುಳ್ಳಿ ಎಸಳು ಎಣ್ಣೇಲಿ ಬಾಡಿಸಿ ಎಸಳು ತೆಗೆದು ಬಿಸಾಕಿ ಆ ಎಣ್ಣೆ ಮಾತ್ರ ಮಾಂಸಕ್ಕೆ ಸವರ್ತೀನಿ, ಘಮ ಬರುತ್ತೆ ಹೊಟ್ಟೆ ಉಬ್ಬರಿಸಲ್ಲ. ಸಾರಿಗೆ ಹಾಕಿ ಆಮೇಲೆ ಆರಿಸಿ ತೆಗೆದ್ರೆ ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ಸಾರಿಗೆ ಇಳಿದಿರುತ್ತೆ. ಇದು ನನ್ನ ಹೊಟ್ಟೆ ಕತೆ, ಎಲ್ಲರದೂ ಹೀಗೇ ಅಂತಲ್ಲ. ನೆಣ ಜಾಸ್ತಿ ಆದ್ರೆ ನಂಗೂ ಕಷ್ಟ, ಅದಕ್ಕೇ ರೋಸ್ಟು, ನೆಣ ಕರಗಿ ಟ್ರೇಗೆ ಇಳಿಯುತ್ತೆ, ಸಾರಲ್ಲಾದ್ರೆ ಅಷ್ಟೂ ತಟ್ಟೆಗೇ ಬರುತ್ತೆ

ಸರೋಜತ್ತೆ: ಅದು ಅಷ್ಟು ಮೆತ್ತಗೆ ಹೇಗೆ ಬಂತು ಹೇಳೇ. ನಾನು ಕುಕ್ಕರಲ್ಲಿ ಎಂಟು ಕೂಗಿಸಿದ್ರೂ ಒಂದೊಂದ್ಸಲ ನಾರುನಾರು

ರಶ್ಮಿ (ಮೆಲ್ಬರ್ನ್): ಯಾವ ಕಡೆ ಮಾಂಸ ಅನ್ನೋದ್ರ ಮೇಲಿದೆ ಅತ್ತೆ. ಮುಂಗಾಲಿನ ಮೇಲೆ ಭುಜದ್ದು ತಗೋಬೇಕು, ದುಡಿದ ಮಾಂಸ ಅದು, ಕೊಲಾಜೆನ್ ಅಂತ ಮಾಂಸನ ಗಟ್ಟಿಯಾಗಿ ಹಿಡಿದಿಡೋ ನಾರು ಜಾಸ್ತಿ, ನಿಧಾನ ಬೆಂದು ಒಳಗೆ 90 ಡಿಗ್ರಿ ದಾಟಿದ್ಮೇಲೆ ಆ ಕೊಲಾಜೆನ್ ಕರಗಿ ಅಂಟಂಟಾಗಿ ಮಾಂಸ ತಾನೇ ಬಿಟ್ಕೊಳ್ಳುತ್ತೆ. ಬೆನ್ನಿನ ಮಾಂಸಕ್ಕೆ ಇದೇ ಮಾಡಿದ್ರೆ ಒಣಗಿ ಹೋಗುತ್ತೆ, ಅದನ್ನ 63ಕ್ಕೇ ತೆಗೀಬೇಕು. ಹಿಂದಿನ ದಿನ ಚರ್ಮ ಚೆನ್ನಾಗಿ ಒರೆಸಿ ಗೀರಿ ಉಪ್ಪು ತಿಕ್ಕಿ ಮುಚ್ಚದೆ ಫ್ರಿಜ್ಜಲ್ಲಿಟ್ಟೆ. ಎರಡು ಕೇಜಿಗೆ ಫಾಯಿಲ್ ಮುಚ್ಚಿ 150 ಡಿಗ್ರಿಲಿ ನಾಕು ಗಂಟೆ, ಆಮೇಲೆ ಫಾಯಿಲ್ ತೆಗೆದು 230ಕ್ಕೆ ಏರಿಸಿ ಅರ್ಧ ಗಂಟೆ, ಆಗ ಚರ್ಮ ಗರಿಗರಿ. ತೆಗೆದ ತಕ್ಷಣ ಕೊಯ್ಯಬಾರ್ದು, ಇಪ್ಪತ್ತು ನಿಮಿಷ ಬಿಡ್ಬೇಕು, ಇಲ್ಲಾಂದ್ರೆ ರಸ ಎಲ್ಲ ಮಣೆ ಮೇಲೆ

ನಾಗರಾಜ ಚಿಕ್ಕಪ್ಪ: 63 ಅಂದ್ರೆ ಹಸಿ ಹಸಿ ತಿಂತೀರಾ? ಇದಕ್ಕೇ ನಾನು ಹುಳದ ವಿಷಯ ಹಾಕಿದ್ದು

ಪ್ರದೀಪ: ಇಡೀ ತುಂಡಿಗೆ 63 ಡಿಗ್ರಿ, ಮೂರು ನಿಮಿಷ ಬಿಟ್ಟು ಕೊಯ್ಯಿರಿ ಅಂತ ಅಮೆರಿಕದ ಕೃಷಿ ಇಲಾಖೆಯೇ 2011ರಲ್ಲಿ ಹೇಳಿದೆ, ಕೀಮಾಗೆ 71. ನಿಮ್ಮ ಫಾರ್ವರ್ಡಲ್ಲಿ ಬೇಯಿಸಿದ್ರೂ ಸಾಯಲ್ಲ ಅಂತಿದೆಯಲ್ಲ ಅದೇ ದೊಡ್ಡ ಸುಳ್ಳು, ಸರಿಯಾಗಿ ಬೇಯಿಸಿದ್ರೆ ಸತ್ತೇ ಸಾಯುತ್ತೆ. ಇನ್ನು ಮಿದುಳಿಗೆ ಹೋಗೋದು. ಅರೆಬೆಂದ ಹಂದಿ ತಿಂದ್ರೆ ಲಾಡಿಹುಳು ಕರುಳಲ್ಲಿ ಬೆಳೆಯುತ್ತೆ. ಮಿದುಳಿಗೆ ಹೋಗೋದು ಆ ಹುಳದ ಮೊಟ್ಟೆ ಹೊಟ್ಟೆಗೆ ಹೋದ್ರೆ, ಮೊಟ್ಟೆ ಬರೋದು ಮನುಷ್ಯರ ಮಲದಿಂದ, ಕೊಳಕು ನೀರು, ತೊಳೆಯದ ಸೊಪ್ಪು, ಕೈ ತೊಳೆಯದೆ ಮಾಡಿದ ಅಡುಗೆ. ಹುಟ್ಟಾ ಸಸ್ಯಾಹಾರಿಗಳಿಗೂ ಬರುತ್ತೆ

ನಾಗರಾಜ ಚಿಕ್ಕಪ್ಪ: ಅಂದ್ರೆ ಹುಳ ಇರೋದು ನಿಜ ಅಂತ ನೀನೇ ಒಪ್ಕೊಂಡೆ

ಪ್ರದೀಪ: 🤦‍♂️

ಶಾರದ ಚಿಕ್ಕಮ್ಮ: ಇವರ ಮಾತಿಗೆ ತಲೆ ಕೆಡಿಸ್ಕೋಬೇಡ ಪ್ರದೀಪ. ಇವರ ಗ್ಯಾಸ್ಟ್ರಿಕ್ ಎಲ್ಲಿಂದ ಅಂತ ನಂಗೆ ಗೊತ್ತು, ರಾತ್ರಿ ಹತ್ತೂವರೆಗೆ ಉಂಡು ಹತ್ತೂ ಮುಕ್ಕಾಲಿಗೆ ಮಲಗಿದ್ರೆ ಎದೆ ಉರೀದೆ ಇನ್ನೇನಾಗುತ್ತೆ. ಮಲಗೋಕೆ ಮೂರು ಗಂಟೆ ಮುಂಚೆ ಉಣ್ಣಿ ಅಂತ ಡಾಕ್ಟ್ರು ಬರ್ದುಕೊಟ್ಟಿದಾರೆ, ಚೀಟಿ ಫ್ರಿಜ್ಜಿನ ಮೇಲೇ ಇದೆ

ನಾಗರಾಜ ಚಿಕ್ಕಪ್ಪ: ಈ ಮೆಸೇಜ್ ಡಿಲೀಟ್ ಮಾಡಲಾಗಿದೆ

ಲೋಹಿತ್: ಆ ಫ್ರಿಜ್ಜು ಅಜ್ಜಯ್ಯ ತಂದಿದ್ದಲ್ವಾ? ಹಸಿರು ಬಣ್ಣದ್ದು? ಅದರ ಮೇಲೆ ನಾವೆಲ್ಲ ಸ್ಟಿಕ್ಕರ್ ಅಂಟಿಸ್ತಿದ್ವಿ

ಗಿರೀಶ (ಅಡ್ಮಿನ್): ಸರಿ, ಮುಂದಿನ ಭಾನುವಾರ ನಮ್ಮನೇಲಿ. ನನ್ ಹತ್ರ ಓಟಿಜಿ ಓವನ್ ಇದೆ. ಅಂಗಡಿಯವನಿಗೆ ಫೋನ್ ಮಾಡಿದ್ದೆ, ಎರಡು ಕೇಜಿ ಭುಜದ್ದು ತುಂಡು ಮಾಡದೆ ಇಡಿಯಾಗಿ ಬೇಕು ಅಂದ್ರೆ ಯಾಕೆ ಸಾರ್ ಕತ್ತಿ ಮೊಂಡಾಗಿದೆ ಅನ್ಕೊಂಡ್ರಾ ಅಂತ ಬೇಜಾರು ಮಾಡ್ಕೊಂಡ. ಸರೋಜತ್ತೆಗೆ ನೆಣ ಬಿಡಿಸಿ ಬೇರೆ ತೆಗೆದಿಡ್ತೀನಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಸ್ವಲ್ಪ ಬೇಕು ಅನ್ನೋರು ಈಗ್ಲೇ ಹೇಳಿ

ಸರೋಜತ್ತೆ: ನಂಗೆ ಒಂದು ಚೂರು ಚರ್ಮ ಇರ್ಲಿ. ಒಂದೇ ಚೂರು

ದೊಡ್ಡಪ್ಪ: ಮಧ್ಯಾಹ್ನ ಒಂದು ಗಂಟೆ ಒಳಗೆ ಆಗಬೇಕು. ನನಗೆ ಖಾರ ಕಡಿಮೆ

ಸವಿತಕ್ಕ: ಇವರ ಮಾವನ್ನ ಕರೀತೀರೋ ಇಲ್ವೋ ಅದು ಹೇಳಿ ಮೊದ್ಲು

ನಾಗರಾಜ ಚಿಕ್ಕಪ್ಪ: ಅವರಿಗೆ ಹಾರ್ಟ್ ಆಪರೇಷನ್ ಆಗಿ ಹಂದಿ ಬಿಟ್ಟಿದಾರಲ್ಲಮ್ಮ

ಮಂಜು ಬಾವ: ಬಿಟ್ಟಿದಾರೆ. ಆದ್ರೂ ಫೋನ್ ಮಾಡಿ ಕರೀರಿ ಚಿಕ್ಕಪ್ಪ, ನೀವೇ ಕರೀರಿ. ಹೊಸಮನೆಯೋರು ಕರೆದ್ರು, ನಾನೇ ಬೇಡ ಅಂದೆ ಅಂತ ಹೇಳ್ಕೊಳ್ಳೋಕಾದ್ರೂ ಬೇಕಲ್ವಾ ಅವರಿಗೆ