ದೋಷ ವರದಿಯಲ್ಲಿ ಏನಿದ್ದರೆ ಡೆವಲಪರ್‌ಗೆ ಉಪಯೋಗ?

ಕೇಳಿದವರು: ನಮ್ಮ ಕಚೇರಿಯ ಲೆಕ್ಕಪತ್ರ ತಂತ್ರಾಂಶದಲ್ಲಿ ದೋಷ ಕಂಡಾಗಲೆಲ್ಲ ಅದನ್ನು ತಯಾರಿಸಿದ ತಂಡಕ್ಕೆ ಬರೆದು ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಚ್ಚಿನ ವರದಿಗಳು ‘ನಮ್ಮಲ್ಲಿ ಈ ತೊಂದರೆ ಮರುಕಳಿಸುತ್ತಿಲ್ಲ’ ಎಂಬ ಒಂದೇ ಸಾಲಿನೊಂದಿಗೆ ಮುಚ್ಚಿಹೋಗುತ್ತವೆ. ನಾನು ಪ್ರೋಗ್ರಾಮಿಂಗ್ ಕಲಿತವನಲ್ಲ. ವರದಿ ಬರೆಯುವ ಬಗೆಯನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಡೆವಲಪರ್ ಒಬ್ಬರು: ‘ಮರುಕಳಿಸುತ್ತಿಲ್ಲ’ ಎಂದರೆ ನಿಮ್ಮ ಮಾತನ್ನು ನಂಬಲಿಲ್ಲ ಎಂದಲ್ಲ, ದೋಷವನ್ನು ಕಣ್ಣಾರೆ ಕಾಣುವ ದಾರಿ ವರದಿಯಲ್ಲಿ ಸಿಗಲಿಲ್ಲ ಎಂದರ್ಥ. (ಅಷ್ಟನ್ನೇ ಬರೆದು ಕೈತೊಳೆದುಕೊಳ್ಳುವುದು ನಮ್ಮವರ ಸೋಮಾರಿತನವೂ ಹೌದು.) ನನ್ನ ಮುಖ್ಯ ಕೋರಿಕೆಯೆಂದರೆ, ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಒಮ್ಮೆ ನನಗೆ ‘ಡೇಟಾಬೇಸ್ ಹಾಳಾಗಿರುವುದರಿಂದ ಬಿಲ್ಲುಗಳನ್ನು ಪಿಡಿಎಫ್ ಆಗಿ ಉಳಿಸಲಾಗುತ್ತಿಲ್ಲ’ ಎಂಬ ವರದಿ ಬಂದಿತ್ತು. ಎರಡು ದಿನ ಡೇಟಾಬೇಸನ್ನೇ ಜಾಲಾಡಿದೆ. ಅದು ನೆಟ್ಟಗೇ ಇತ್ತು. ಅವರು ಆ ತಿಂಗಳಿನಿಂದ ಬಿಲ್ ಸಂಖ್ಯೆಯನ್ನು 118 ಎಂದು ಬರೆಯುವ ಬದಲು 4/118 ಎಂದು ಬರೆಯತೊಡಗಿದ್ದರು. ನಮ್ಮ ಪ್ರೋಗ್ರಾಂ ಆ ಸಂಖ್ಯೆಯನ್ನೇ ಫೈಲಿನ ಹೆಸರಾಗಿ ಬಳಸುತ್ತಿದ್ದುದರಿಂದ, ಓರೆಗೆರೆಯ ಹಿಂದಿನ ‘4’ ಒಂದು ಫೋಲ್ಡರಿನ ಹೆಸರಾಗಿಬಿಟ್ಟು, ಇಲ್ಲದ ಆ ಫೋಲ್ಡರಿನೊಳಗೆ ಫೈಲನ್ನು ಉಳಿಸಲು ಹೋಗಿ ಸೋಲುತ್ತಿತ್ತು. ಯಾವ ಬಿಲ್ ತೆರೆದಿರಿ, ಯಾವ ಗುಂಡಿ ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬಿಷ್ಟನ್ನು ಬರೆದಿದ್ದರೆ ಹತ್ತು ನಿಮಿಷದ ಕೆಲಸ. ಊಹೆಯನ್ನು ತಿಳಿಸಬಾರದೆಂದಲ್ಲ, ಕೊನೆಯಲ್ಲಿ ‘ನನ್ನ ಅನುಮಾನ’ ಎಂದು ಬೇರೆಯಾಗಿ ತಿಳಿಸಿ. ತಂತ್ರಾಂಶದ ಮತ್ತು ಆಪರೇಟಿಂಗ್ ಸಿಸ್ಟಂನ ಆವೃತ್ತಿ ಸಂಖ್ಯೆಗಳನ್ನು ಬರೆಯಿರಿ. ‘ಲೇಟೆಸ್ಟ್’ ಎಂಬ ಪದ ಮುಂದಿನ ವಾರಕ್ಕೆ ಅರ್ಥ ಕಳೆದುಕೊಳ್ಳುತ್ತದೆ.

ಪರೀಕ್ಷಕಿ ಒಬ್ಬರು: ಪ್ರೋಗ್ರಾಮಿಂಗ್ ಬಾರದವರೂ ಮಾಡಬಹುದಾದ ಒಂದು ಕೆಲಸವಿದೆ. ಸಾವಿರ ನಮೂದುಗಳಿರುವ ಫೈಲೊಂದನ್ನು ತೆರೆದಾಗ ತಂತ್ರಾಂಶ ಮುಚ್ಚಿಹೋಗುತ್ತದೆ ಎಂದುಕೊಳ್ಳಿ. ಫೈಲಿನ ಪ್ರತಿಯನ್ನು (ಮೂಲವನ್ನಲ್ಲ!) ಎರಡು ಭಾಗ ಮಾಡಿ, ಯಾವ ಅರ್ಧದಲ್ಲಿ ತೊಂದರೆ ಉಳಿಯಿತೋ ಅದನ್ನೇ ಮತ್ತೆ ಅರ್ಧ ಮಾಡುತ್ತ ಹೋದರೆ, ತಪ್ಪು ಒಂದೇ ನಮೂದಿನಲ್ಲಿದ್ದಾಗ ಹತ್ತು ಸುತ್ತಿನೊಳಗೆ ಅದು ಸಿಗುತ್ತದೆ. ಎರಡೂ ಅರ್ಧಗಳು ಬೇರೆಬೇರೆಯಾಗಿ ಸರಿಯಾಗಿಯೇ ತೆರೆದುಕೊಂಡರೆ, ದೋಷ ಫೈಲಿನ ಗಾತ್ರಕ್ಕೋ ಎರಡು ನಮೂದುಗಳ ನಡುವಿನ ಸಂಬಂಧಕ್ಕೋ ಅಂಟಿಕೊಂಡಿರಬಹುದು, ಅದನ್ನೂ ಬರೆಯಿರಿ. ಯಾವ ಬದಲಾವಣೆಯಿಂದ ದೋಷ ಹುಟ್ಟಿತೆಂದು ಹುಡುಕುವಾಗ ಡೆವಲಪರ್‌ಗಳು ಬಳಸುವ ‘ಗಿಟ್ ಬೈಸೆಕ್ಟ್’ ಎಂಬ ಆಜ್ಞೆ ಕೂಡ ಇದೇ ಅರ್ಧಿಸುವ ಉಪಾಯದ ಮೇಲೆ ನಿಂತಿದೆ. ಆಗೊಮ್ಮೆ ಈಗೊಮ್ಮೆ ಕಾಣುವ ದೋಷಕ್ಕೆ ‘ಕೆಲವೊಮ್ಮೆ’ ಎನ್ನದೆ, ಹತ್ತು ಸಲ ಪ್ರಯತ್ನಿಸಿದಾಗ ಎಷ್ಟು ಸಲ ಬಂತೆಂದು ಎಣಿಸಿ ಬರೆಯಿರಿ. ಎರಡು ದೋಷಗಳಿಗೆ ಎರಡು ವರದಿಗಳಿರಲಿ.

ಗ್ರಾಹಕ ಸಹಾಯ ವಿಭಾಗದವರೊಬ್ಬರು: ದೋಷದ ಸಂದೇಶವನ್ನು ಪಠ್ಯವಾಗಿಯೇ ನಕಲಿಸಿ ಕಳುಹಿಸಿ, ಮೊಬೈಲಿನಲ್ಲಿ ತೆಗೆದ ಪರದೆಯ ಚಿತ್ರದೊಳಗಿನ ಅಕ್ಷರಗಳನ್ನು ಹುಡುಕುವುದು ಕಷ್ಟ. ಲಾಗ್ ಫೈಲ್ (ತಂತ್ರಾಂಶ ತಾನು ಮಾಡಿದ್ದನ್ನು ಬರೆದಿಡುವ ಕಡತ) ಸೇರಿಸುವ ಮುನ್ನ ಅದರಲ್ಲಿ ಪಾಸ್‌ವರ್ಡ್ ಅಥವಾ ಗ್ರಾಹಕರ ವಿವರಗಳಿದ್ದರೆ ಅಳಿಸಿ. ಇತರರ ಲೆಕ್ಕ ನೋಡಲು ದಾರಿಮಾಡಿಕೊಡುವಂತಹ ಭದ್ರತಾ ಲೋಪವನ್ನು ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಹಾಕದೆ ತಂಡಕ್ಕೆ ಖಾಸಗಿಯಾಗಿ ತಿಳಿಸಬೇಕು.

ಕೇಳಿದವರು: ಎಲ್ಲರಿಗೂ ವಂದನೆಗಳು. ಇನ್ನೊಂದು ಸಂದೇಹವಿದೆ: ಪ್ರತಿ ವರದಿಯ ಶೀರ್ಷಿಕೆಯಲ್ಲೂ ನಾನು ‘ಅತಿ ತುರ್ತು’ ಎಂದು ಬರೆಯುತ್ತಿದ್ದೆ. ಅದು ತಪ್ಪೇ?

ಡೆವಲಪರ್: ಎಲ್ಲವೂ ತುರ್ತಾದರೆ ನಾವು ಯಾವುದನ್ನು ಮೊದಲು ಎತ್ತಿಕೊಳ್ಳಬೇಕು? ಬಗ್‌ಜಿಲ್ಲಾದಂತಹ, ದೋಷ ವರದಿಗಳನ್ನು ದಾಖಲಿಸಿಡುವ ವ್ಯವಸ್ಥೆಗಳಲ್ಲಿ ದೋಷದ ತೀವ್ರತೆಗೂ ಆದ್ಯತೆಗೂ ಬೇರೆಬೇರೆ ಅಂಕಣಗಳಿರುವುದು ಇದೇ ಕಾರಣಕ್ಕೆ. ಆದ್ಯತೆಯನ್ನು ನಿರ್ಧರಿಸುವುದು ತಂಡದ ಕೆಲಸ. ದೋಷದಿಂದ ಯಾವ ಕೆಲಸ ನಿಂತಿದೆ, ಎಷ್ಟು ಜನರಿಗೆ ಅಡ್ಡಿಯಾಗಿದೆ, ಸದ್ಯಕ್ಕೆ ಬೇರೆ ದಾರಿಯಿದೆಯೇ ಎಂಬುದನ್ನು ನಿಮ್ಮಿಂದಲೇ ತಿಳಿಯಬೇಕು. ಶೀರ್ಷಿಕೆಯಲ್ಲಿ ‘ಬಿಲ್ ಸಂಖ್ಯೆಯಲ್ಲಿ ಓರೆಗೆರೆಯಿದ್ದರೆ ಪಿಡಿಎಫ್ ಉಳಿಯುವುದಿಲ್ಲ’ ಎಂದಷ್ಟೇ ಇದ್ದರೆ ಸಾಕು.